ಸುಸ್ಥಿರ ಜಾನುವಾರು ಉತ್ಪಾದನೆಯಲ್ಲಿ ಅಂತರರಾಷ್ಟ್ರೀಯ ಸಹಕಾರ ಮತ್ತು ಧಾರವಾಡ ಸೀಮೆ

ಸುಸ್ಥಿರ ಜಾನುವಾರು ಉತ್ಪಾದನೆ ಎಂದರೆ ಹಾಲು, ಮಾಂಸ, ಉಣ್ಣೆ, ಗೊಬ್ಬರ ಮತ್ತು ದುಡಿಮೆಗಾಗಿ ಪ್ರಾಣಿಗಳನ್ನು ಸಾಕುವಾಗ ನೆಲ, ನೀರು, ಮೇವು, ತಳಿವೈವಿಧ್ಯ ಹಾಗೂ ಸಾಕುವವರ ಬದುಕು ಮುಂದಿನ ತಲೆಮಾರಿಗೂ ಉಳಿಯುವಂತೆ ನೋಡಿಕೊಳ್ಳುವ ಪದ್ಧತಿ. ಈ ವಿಷಯದಲ್ಲಿ ದೇಶದೇಶಗಳ ನಡುವೆ ನಡೆಯುವ ಒಪ್ಪಂದ, ಸಾಲ, ಸಂಶೋಧನೆ, ತಳಿ ವಿನಿಮಯ ಮತ್ತು ರೋಗ ನಿಯಂತ್ರಣದ ಕಾರ್ಯಗಳನ್ನು ಒಟ್ಟಾಗಿ ಅಂತರರಾಷ್ಟ್ರೀಯ ಸಹಕಾರ ಎನ್ನಲಾಗುತ್ತದೆ. ಈ ಕಾರ್ಯದ ಕೇಂದ್ರಗಳು ರೋಮ್, ಪ್ಯಾರಿಸ್, ನೈರೋಬಿಗಳಲ್ಲಿವೆ. ಅದರ ಪರಿಣಾಮಗಳು ಮಾತ್ರ ಕೊಟ್ಟಿಗೆಯಲ್ಲಿ ಕಾಣುತ್ತವೆ. ಧಾರವಾಡ ನಗರದ ಪಶ್ಚಿಮದಂಚಿನಲ್ಲಿರುವ ಕೆಲಗೇರಿಯಂತಹ ಊರುಗಳು, ಕಲಘಟಗಿಯ ಕಾಡಂಚಿನ ಗೌಳಿವಾಡೆಗಳು, ನವಲಗುಂದದ ಎರೆಹೊಲಗಳು ಈ ಸಹಕಾರದ ಲಾಭವನ್ನೂ ಅದರ ಕೊರತೆಯನ್ನೂ ಒಟ್ಟಿಗೆ ಕಂಡ ಪ್ರದೇಶಗಳಾಗಿವೆ. ಈ ಲೇಖನವು ಜಾಗತಿಕ ನೀತಿಯನ್ನು ಧಾರವಾಡ ಸೀಮೆಯ ಹಾಗೂ ಕರ್ನಾಟಕದ ಅನುಭವದ ಮೂಲಕ ವಿಶ್ಲೇಷಿಸುತ್ತದೆ.

ಹಿನ್ನೆಲೆ

2019ರ 20ನೆಯ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 53 ಕೋಟಿಗೂ ಹೆಚ್ಚು ಜಾನುವಾರುಗಳಿವೆ. ಅವುಗಳಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ. ಕರ್ನಾಟಕದಲ್ಲಿ ಸುಮಾರು 85 ಲಕ್ಷ ದನಗಳು, ಸುಮಾರು 30 ಲಕ್ಷ ಎಮ್ಮೆಗಳು ಮತ್ತು 1 ಕೋಟಿ 10 ಲಕ್ಷದಷ್ಟು ಕುರಿಗಳು ಇದ್ದವು. ಜಗತ್ತಿನ ಹಾಲಿನ ಸುಮಾರು ನಾಲ್ಕನೆಯ ಒಂದು ಪಾಲು ಭಾರತದಲ್ಲಿ ಉತ್ಪಾದನೆಯಾಗುತ್ತದೆ. ಈ ಹಾಲಿನ ಬಹುಪಾಲು ಸಾವಿರ ಹಸುಗಳ ದೊಡ್ಡ ಫಾರ್ಮುಗಳಿಂದ ಬರುವುದಲ್ಲ. ಎರಡು ಮೂರು ದನ ಕಟ್ಟಿಕೊಂಡಿರುವ ಮನೆಗಳಿಂದ ಬರುವುದು. ಹಾಲೆಂಡ್ ಅಥವಾ ನ್ಯೂಜಿಲೆಂಡಿನ ಹೈನುಗಾರನನ್ನು ಮನಸ್ಸಿನಲ್ಲಿಟ್ಟು ರಚಿಸಿದ ನಿಯಮವು ಇಂತಹ ಮನೆಗಳಿಗೆ ಹೊಂದುವುದಿಲ್ಲ ಎಂಬುದು ಭಾರತದ ನಿಲುವಿನ ಮೂಲವಾಗಿದೆ. ಮುಂದೆ ಹೇಳಲಾಗುವ ಬಹುತೇಕ ವಿವಾದಗಳ ಬೇರೂ ಇಲ್ಲಿಯೇ ಇದೆ.

ಧಾರವಾಡ ಈ ವಿಷಯಕ್ಕೆ ಹೊರಗಿನದಲ್ಲ. 1947ರಲ್ಲಿ ಇಲ್ಲಿ ಕೃಷಿ ಕಾಲೇಜು ಆರಂಭವಾಯಿತು. 1986ರ ಅಕ್ಟೋಬರ್ 1ರಂದು ಕೃಷಿ ವಿಶ್ವವಿದ್ಯಾಲಯವು ಸ್ವತಂತ್ರ ಸಂಸ್ಥೆಯಾಯಿತು. ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಧಾರವಾಡದಲ್ಲಿದೆ. ಲಕಮನಹಳ್ಳಿಯಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ಪೇಢೆಯಿಂದ ಹೆಸರಾದ ಈ ಊರಿಗೆ ಎಮ್ಮೆಯ ಹಾಲಿನೊಡನೆ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ತಳಿಗಳ ಪ್ರಯಾಣ

ಜಾನುವಾರು ಕ್ಷೇತ್ರದಲ್ಲಿ ದೇಶಗಳ ನಡುವಿನ ಕೊಡುಕೊಳೆ ಸಮ್ಮೇಳನಗಳಿಂದ ಆರಂಭವಾದುದಲ್ಲ, ಹಡಗುಗಳಿಂದ ಆರಂಭವಾದುದು. 19ನೆಯ ಶತಮಾನದಲ್ಲಿ ದಕ್ಷಿಣ ಮರಾಠಾ ಸೀಮೆಯ ಸಂಸ್ಥಾನಿಕರು ಕೃಷ್ಣಾ ತೀರದ ಜಿಗುಟು ಎರೆಮಣ್ಣನ್ನು ಉಳಲು ತಕ್ಕ ಭಾರೀ ಎತ್ತುಗಳಿಗಾಗಿ ಗೀರ್, ಓಂಗೋಲ್, ಕಾಂಕ್ರೇಜ್ ಮತ್ತು ಸ್ಥಳೀಯ ದನಗಳನ್ನು ಬೆರೆಸಿ ಕೃಷ್ಣಾ ಕಣಿವೆ ತಳಿಯನ್ನು ರೂಪಿಸಿದರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಗಡಿಯಾಚೆಯ ಸಾಂಗ್ಲಿ, ಕೊಲ್ಹಾಪುರ ಇದರ ನೆಲೆ. ಅಮೆರಿಕದಲ್ಲಿ ರೂಪುಗೊಂಡ ಬ್ರಾಹ್ಮನ್ ಎಂಬ ಪ್ರಸಿದ್ಧ ಮಾಂಸದ ತಳಿಯ ಮೂಲದಲ್ಲಿ ಗೀರ್, ಕಾಂಕ್ರೇಜ್, ಓಂಗೋಲ್ ತಳಿಗಳೊಡನೆ ಕೃಷ್ಣಾ ಕಣಿವೆಯ ರಕ್ತವೂ ಇದೆ. ಬ್ರಾಹ್ಮನ್ ಇಂದು ಹಲವು ಖಂಡಗಳಲ್ಲಿ ಹರಡಿದೆ. ಕೃಷ್ಣಾ ಕಣಿವೆ ತಳಿಯು ತನ್ನ ತವರಿನಲ್ಲಿಯೇ ಬೆರಳೆಣಿಕೆಯ ಹಳ್ಳಿಗಳಿಗೆ ಇಳಿದಿದೆ. ಟ್ರ್ಯಾಕ್ಟರು ಬಂದ ಮೇಲೆ ಭಾರೀ ಎತ್ತಿಗೆ ಕೆಲಸವಿಲ್ಲದಂತಾಯಿತು. ತಳಿ ಕೊಟ್ಟ ಊರಿಗೆ ಇದರಿಂದ ಏನು ದೊರೆಯಿತು ಎಂದು ಆ ಕಾಲದಲ್ಲಿ ಯಾರೂ ಕೇಳಿರಲಿಲ್ಲ.

ಈ ಪ್ರಶ್ನೆಯನ್ನು ಕಾನೂನಿನ ಭಾಷೆಯಲ್ಲಿ ಕೇಳುವಂತಾದುದು 1992ರ ಜೀವವೈವಿಧ್ಯ ಒಪ್ಪಂದದ ನಂತರ. ಭಾರತವು 2002ರಲ್ಲಿ ಜೀವವೈವಿಧ್ಯ ಕಾಯ್ದೆಯನ್ನು ಮಾಡಿತು. 2007ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್ ನಗರದಲ್ಲಿ 109 ದೇಶಗಳ ಪ್ರತಿನಿಧಿಗಳು ಸೇರಿ ಪ್ರಾಣಿ ತಳಿಸಂಪತ್ತಿನ ರಕ್ಷಣೆಗಾಗಿ ಜಾಗತಿಕ ಕ್ರಿಯಾಯೋಜನೆಯನ್ನು ಅಂಗೀಕರಿಸಿದರು. ತಳಿಗಳ ಪಟ್ಟಿ ಮಾಡುವುದು, ಅವುಗಳ ಸ್ಥಿತಿಯನ್ನು ಗಮನಿಸುವುದು, ಸಾಕುವವರ ಪಾತ್ರವನ್ನು ಮನ್ನಿಸುವುದು ಈ ಯೋಜನೆಯ ಮುಖ್ಯ ಅಂಶಗಳು. 2010ರ ನಗೋಯಾ ಒಡಂಬಡಿಕೆಯು ಲಾಭ ಹಂಚಿಕೆಯ ನಿಯಮವನ್ನು ಇದಕ್ಕೆ ಸೇರಿಸಿತು.

ಧಾರವಾಡಿ ಎಮ್ಮೆ

ಈ ಜಾಗತಿಕ ಯೋಜನೆಯ ಫಲವನ್ನು ಧಾರವಾಡದಲ್ಲಿ ಕಣ್ಣಾರೆ ನೋಡಬಹುದು. ಶತಮಾನಗಳಿಂದ ಉತ್ತರ ಕರ್ನಾಟಕದ ಮನೆಗಳಲ್ಲಿದ್ದ ಕಪ್ಪು ಮೈಯ, ಅರ್ಧಚಂದ್ರದಂತೆ ಹಿಂದಕ್ಕೆ ಬಾಗಿದ ಕೊಂಬಿನ ಎಮ್ಮೆಗೆ ಸರ್ಕಾರಿ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ಅದನ್ನು ‘ಜವಾರಿ’ ಎಂದೋ ತಳಿಯಿಲ್ಲದ ಎಮ್ಮೆ ಎಂದೋ ಬರೆದುಕೊಳ್ಳಲಾಗುತ್ತಿತ್ತು. ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದರ ಮೈಕಟ್ಟು, ಹಾಲು, ಸೂಲಿನ ಅಂತರ ಮತ್ತು ಅನುವಂಶೀಯ ಲಕ್ಷಣಗಳನ್ನು ಅಧ್ಯಯನ ಮಾಡಿದ ನಂತರ ಕರ್ನಾಲಿನ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆಯು ‘ಧಾರವಾಡಿ’ ಎಂಬ ಹೆಸರಿನಲ್ಲಿ ಅದನ್ನು ದೇಶದ 18ನೆಯ ಎಮ್ಮೆ ತಳಿಯಾಗಿ ನೋಂದಾಯಿಸಿತು. ಧಾರವಾಡ, ಗದಗ, ಬಾಗಲಕೋಟೆ, ಬೆಳಗಾವಿ, ಹಾವೇರಿ, ವಿಜಯಪುರದಿಂದ ಕಲ್ಯಾಣ ಕರ್ನಾಟಕದ ಜಿಲ್ಲೆಗಳವರೆಗೆ ಇದರ ನೆಲೆ ಹರಡಿದೆ.

ಹರಿಯಾಣದ ಮುರ್ರಾ ಎಮ್ಮೆಯ ಪಕ್ಕದಲ್ಲಿ ನಿಲ್ಲಿಸಿದರೆ ಧಾರವಾಡಿಯ ಹಾಲು ಕಡಿಮೆ; ಒಂದು ಸೂಲಿಗೆ ಸರಾಸರಿ ಸಾವಿರ ಕಿಲೋದ ಆಸುಪಾಸಿನಲ್ಲಿದೆ. ಆದರೆ ಅದರ ಹಾಲು ಗಟ್ಟಿ, ಜಿಡ್ಡಿನ ಪ್ರಮಾಣ ಹೆಚ್ಚು. ಬೇಸಿಗೆಯ ಬಿಸಿಲು, ಒಣ ಕಣಿಕೆ, ದೂರದ ಮೇವುಗಾಡು ಇವನ್ನು ಅದು ತಾಳಿಕೊಳ್ಳುತ್ತದೆ. ಧಾರವಾಡ ಪೇಢೆಯು ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿದೆ. ಆ ಪೇಢೆಯ ಖೋವಾಕ್ಕೆ ಪರಂಪರೆಯಿಂದ ಹಾಲು ಒದಗಿಸಿದವರು ಗೌಳಿಗರು. ಅವರ ಎಮ್ಮೆಗಳು ಇದೇ ತಳಿಯವು. ಮಿಠಾಯಿಗೆ ಕಾನೂನಿನ ರಕ್ಷಣೆ ಮೊದಲು ದೊರೆತು ಹಾಲು ಕೊಡುವ ಪ್ರಾಣಿಗೆ ಗುರುತು ಬಹಳ ತಡವಾಗಿ ದೊರೆತದ್ದು ಈ ವ್ಯವಸ್ಥೆಯ ಸ್ವಭಾವವನ್ನು ತಿಳಿಸುತ್ತದೆ.

ನೋಂದಣಿಯಿಂದಲೇ ತಳಿ ಉಳಿಯುವುದಿಲ್ಲ. ಒಳ್ಳೆಯ ಕೋಣಗಳ ಆಯ್ಕೆ, ವೀರ್ಯ ಸಂಗ್ರಹ, ಹಾಲಿನ ದಾಖಲೆ, ಸಾಕುವವರ ಸಂಘ ಇವೆಲ್ಲ ಜೊತೆಗೂಡಬೇಕು. ಹಾಲಿನ ಪ್ರಮಾಣ ಹೆಚ್ಚಿಸುವ ಉದ್ದೇಶದಿಂದ ಮುರ್ರಾ ಮತ್ತು ಸುರ್ತಿ ಕೋಣಗಳ ವೀರ್ಯವನ್ನು ದಶಕಗಳ ಕಾಲ ಹಳ್ಳಿಗಳಿಗೆ ಒದಗಿಸಿದ ಅದೇ ಇಲಾಖಾ ವ್ಯವಸ್ಥೆಯೇ ಈಗ ಶುದ್ಧ ಧಾರವಾಡಿಯನ್ನು ಹುಡುಕಬೇಕಾಗಿದೆ. ಸಂರಕ್ಷಣೆಗೆ ಹತ್ತಿರದ ಮಾದರಿಯೊಂದು ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿದೆ. ಅಲ್ಲಿಯ ಹಳೆಯ ಕೋಟೆಯೊಳಗೆ ಪಶುಸಂಗೋಪನಾ ಇಲಾಖೆಯ ಖಿಲಾರಿ ತಳಿ ಸಂವರ್ಧನಾ ಕೇಂದ್ರವಿದೆ. ದನಗಳಿಗಾಗಿ ಕಾಯ್ದಿಟ್ಟ ಹುಲ್ಲುಗಾವಲು ನವಿಲುಗಳಿಗೂ ಆಸರೆಯಾಗಿ, ಆ ಸ್ಥಳವು ಇಂದು ನವಿಲುಧಾಮವೆಂದೇ ಹೆಚ್ಚು ಪರಿಚಿತವಾಗಿದೆ.

ಕ್ಷೀರಕ್ರಾಂತಿ ಮತ್ತು ವಿದೇಶಿ ನೆರವು

ಭಾರತದ ಹೈನುಗಾರಿಕೆಯ ಆಧುನಿಕ ಚರಿತ್ರೆ ವಿದೇಶಿ ನೆರವಿನೊಡನೆ ಹೆಣೆದುಕೊಂಡಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ಸಹಾಯದಿಂದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಕೇಂದ್ರ ಆರಂಭವಾಯಿತು. ದ್ರವ ಸಾರಜನಕದಲ್ಲಿ ವೀರ್ಯವನ್ನು ಕೆಡದಂತೆ ಇಡುವ ವಿದ್ಯೆ ದೇಶದ ಹಲವು ರಾಜ್ಯಗಳಿಗೆ ತಲುಪಿದ್ದು ಇಂತಹ ಕೇಂದ್ರಗಳ ಮೂಲಕ. 1970ರಲ್ಲಿ ವರ್ಗೀಸ್ ಕುರಿಯನ್ ಅವರ ನೇತೃತ್ವದಲ್ಲಿ ಆಪರೇಷನ್ ಫ್ಲಡ್ ಆರಂಭವಾದಾಗ ವಿಶ್ವ ಆಹಾರ ಕಾರ್ಯಕ್ರಮವು ಯುರೋಪಿನ ಹೆಚ್ಚುವರಿ ದಾಸ್ತಾನಿನಿಂದ 1,26,000 ಟನ್ ಕೆನೆರಹಿತ ಹಾಲಿನ ಪುಡಿ ಮತ್ತು 42,000 ಟನ್ ಬೆಣ್ಣೆ ಎಣ್ಣೆಯನ್ನು ದಾನವಾಗಿ ನೀಡಲು ಒಪ್ಪಿತು. ದಾನದ ಪುಡಿಯನ್ನು ಅಗ್ಗದ ದರದಲ್ಲಿ ಹಂಚಿದ್ದರೆ ದೇಶದ ಹೈನುಗಾರ ನೆಲಕಚ್ಚುತ್ತಿದ್ದ. ಹಾಗೆ ಮಾಡದೆ ಅದನ್ನು ಹಾಲಾಗಿ ಮಾರಿ ಬಂದ ಹಣವನ್ನು ಸಹಕಾರ ಸಂಘಗಳನ್ನು ಕಟ್ಟಲು ಬಳಸಲಾಯಿತು. ಆಹಾರದ ದಾನವು ಸ್ವೀಕರಿಸುವ ದೇಶದ ರೈತನನ್ನು ಮುಳುಗಿಸದೆ ಎತ್ತಿದ ಉದಾಹರಣೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ.

ಕರ್ನಾಟಕದಲ್ಲಿ 1974ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಡೇರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಯಿತು. ಅದು 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿಯ ರೂಪ ತಾಳಿತು. ಆದರೆ ಮೊದಲ ಯೋಜನೆಯ ಕ್ಷೇತ್ರ ದಕ್ಷಿಣದ ಜಿಲ್ಲೆಗಳು. ಧಾರವಾಡ ಮತ್ತು ಉತ್ತರದ ಇತರ ಜಿಲ್ಲೆಗಳು ಸಹಕಾರಿ ಜಾಲಕ್ಕೆ ಸೇರಿದ್ದು ಆಪರೇಷನ್ ಫ್ಲಡ್‌ನ ಮುಂದಿನ ಹಂತಗಳಲ್ಲಿ. ಈ ಹತ್ತು ಹನ್ನೆರಡು ವರ್ಷಗಳ ಅಂತರ ಸಣ್ಣದೆಂದು ತೋರಬಹುದು. ಆದರೆ ಕೋಲಾರ, ಮಂಡ್ಯ, ಹಾಸನಗಳಲ್ಲಿ ಒಂದು ತಲೆಮಾರು ಹೈನುಗಾರಿಕೆಯನ್ನು ದಿನದ ಕಸುಬಾಗಿ ಕಲಿತ ಕಾಲದಲ್ಲಿ ಉತ್ತರದ ರೈತನಿಗೆ ಹಾಲು ಮನೆಬಳಕೆಯ ಅಥವಾ ಖೋವಾ ವ್ಯಾಪಾರಿಯ ಸರಕಾಗಿಯೇ ಉಳಿಯಿತು. ಇದರಲ್ಲಿ ಮಳೆಯ ಕೊರತೆ, ಮೇವಿನ ಕೊರತೆಗಳ ಪಾಲೂ ಇದೆ. 2024ರಲ್ಲಿ ಮಹಾಮಂಡಳಿಯ ದಿನದ ಹಾಲು ಸಂಗ್ರಹ 1 ಕೋಟಿ ಲೀಟರ್ ಮುಟ್ಟಿದಾಗಲೂ ಅದರ ದೊಡ್ಡ ಪಾಲು ದಕ್ಷಿಣದ ಒಕ್ಕೂಟಗಳದೇ ಆಗಿತ್ತು. ರಾಜ್ಯ ಸರ್ಕಾರ ಲೀಟರಿಗೆ ನೀಡುವ 5 ರೂಪಾಯಿ ಪ್ರೋತ್ಸಾಹಧನವೂ ಸಂಘಕ್ಕೆ ಹಾಲು ಹಾಕುವವರಿಗೆ ಮಾತ್ರ ದೊರೆಯುವುದರಿಂದ ಹೆಚ್ಚು ಸಂಘಗಳಿರುವ ಕಡೆಗೇ ಹೆಚ್ಚು ಹಣ ಹರಿಯುತ್ತದೆ. ಮನೆಮನೆಗೆ ಹಾಲು ಹಾಕುವ ಗೌಳಿಗ ಈ ಲೆಕ್ಕದ ಹೊರಗೇ ಉಳಿಯುತ್ತಾನೆ.

ಮೇವು: ಸದ್ದಿಲ್ಲದ ಸಹಕಾರ

ಅಂತರರಾಷ್ಟ್ರೀಯ ಸಹಕಾರ ಎಂದೊಡನೆ ಸಾಲ ಮತ್ತು ಸಮ್ಮೇಳನಗಳು ನೆನಪಾಗುತ್ತವೆ. ಧಾರವಾಡಕ್ಕೆ ಅತ್ಯಂತ ಹತ್ತಿರದ ಉದಾಹರಣೆ ಒಂದು ಮೇವಿನ ಗಿಡದ್ದು. ಸ್ಟೈಲೋ ಎಂದು ಕರೆಯಲಾಗುವ ದ್ವಿದಳ ಮೇವಿನ ಸಸ್ಯದ ತವರು ದಕ್ಷಿಣ ಅಮೆರಿಕ. ಬಡ ಮಣ್ಣಿನಲ್ಲಿಯೂ ಬೆಳೆದು ಮಣ್ಣಿಗೆ ಸಾರಜನಕ ಸೇರಿಸುವ ಈ ಗಿಡವು ಆಸ್ಟ್ರೇಲಿಯದ ಮೂಲಕ ಭಾರತದ ಬರಡು ನೆಲಗಳಿಗೆ ಬಂದಿತು. ಆದರೆ ಆಂಥ್ರಾಕ್ನೋಸ್ ಎಂಬ ಶಿಲೀಂಧ್ರ ರೋಗವು ಆಸ್ಟ್ರೇಲಿಯದಲ್ಲಿ ಅದರ ತಳಿಗಳನ್ನು ಒಂದೊಂದಾಗಿ ಕೆಡಿಸಿತು. ರೋಗನಿರೋಧಕ ತಳಿಗಳ ಶೋಧಕ್ಕಾಗಿ ಆಸ್ಟ್ರೇಲಿಯ, ಬ್ರೆಜಿಲ್, ಕೊಲಂಬಿಯ, ಚೀನ ಮತ್ತು ಭಾರತದ ಸಂಸ್ಥೆಗಳು ಜೊತೆಯಾಗಿ ದುಡಿದವು. ಹಣ ಒದಗಿಸಿದವರಲ್ಲಿ ಆಸ್ಟ್ರೇಲಿಯದ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ ಪ್ರಮುಖವಾಗಿತ್ತು. ಭಾರತದಲ್ಲಿ ಈ ಕೆಲಸ ನಡೆದ ಸ್ಥಳಗಳಲ್ಲಿ ಝಾನ್ಸಿಯೊಡನೆ ಧಾರವಾಡವೂ ಒಂದು. ಈ ಸಂಶೋಧನೆಯ ಫಲಿತಾಂಶಗಳು 2004ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು. ಬ್ರೆಜಿಲಿನ ಒಣನಾಡಿನಿಂದ ಸಂಗ್ರಹಿಸಿದ ಬೀಜವೊಂದು ಧಾರವಾಡದ ಪ್ರಯೋಗದ ಮಡಿಯಲ್ಲಿ ಪರೀಕ್ಷೆಗೆ ಒಳಗಾಗುವುದು ಪತ್ರಿಕೆಗಳಲ್ಲಿ ಸುದ್ದಿಯಾಗುವುದಿಲ್ಲ. ಆದರೂ ಪರಸ್ಪರ ಲಾಭದ ಸಹಕಾರಕ್ಕೆ ಇದಕ್ಕಿಂತ ಶುದ್ಧ ನಿದರ್ಶನ ಸಿಗುವುದು ಕಷ್ಟ.

ಅದೇ ಧಾರವಾಡ ಕೇಂದ್ರವು ‘ಸಂಪೂರ್ಣ’ ಎಂಬ ಹೆಸರಿನ, ಡಿಎಚ್‌ಎನ್-6 ಎಂದು ಗುರುತಿಸುವ ಹೈಬ್ರಿಡ್ ನೇಪಿಯರ್ ಹುಲ್ಲಿನ ತಳಿಯನ್ನು ನೀಡಿತು. ಇದು ಸಜ್ಜೆ ಮತ್ತು ಆಫ್ರಿಕ ಮೂಲದ ಆನೆಹುಲ್ಲಿನ ಸಂಕರ. ನೀರಾವರಿಯ ಒಂದೆರಡು ಗುಂಟೆ ಇದ್ದ ರೈತನಿಗೆ ವರ್ಷವಿಡೀ ಹಸಿರು ಮೇವು ಕೊಡುವ ಹುಲ್ಲು ಇದು.

ನೀರಾವರಿ ಇಲ್ಲದವರ ದನಗಳು ಬದುಕುವುದು ಬಣವೆಯ ಮೇಲೆ. ಹಿಂಗಾರಿ ಜೋಳದ ಕಣಿಕೆ, ಶೇಂಗಾದ ಹೊಟ್ಟು, ಕಡಲೆಯ ಹೊಟ್ಟು ಧಾರವಾಡ ಸೀಮೆಯ ದನಗಳ ಮುಖ್ಯ ಆಹಾರ. ಧಾನ್ಯದ ಇಳುವರಿಯನ್ನಷ್ಟೇ ನೋಡಿ ತಳಿ ಆಯ್ಕೆ ಮಾಡುತ್ತಿದ್ದ ವಿಜ್ಞಾನಿಗಳಿಗೆ ಕಣಿಕೆಯ ಬೆಲೆಯನ್ನು ತೋರಿಸಿಕೊಟ್ಟದ್ದು ನೈರೋಬಿಯಲ್ಲಿ ಕೇಂದ್ರ ಕಚೇರಿ ಇರುವ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ನಡೆಸಿದ ಜಂಟಿ ಅಧ್ಯಯನ. ಹೈದರಾಬಾದಿನ ಮೇವಿನ ಮಾರುಕಟ್ಟೆಯಲ್ಲಿ ಜೀರ್ಣವಾಗುವ ಅಂಶ ಶೇ. 47 ಇದ್ದ ಜೋಳದ ದಂಟಿಗಿಂತ ಶೇ. 52 ಇದ್ದ ದಂಟಿಗೆ ಸುಮಾರು ನಾಲ್ಕನೆಯ ಒಂದು ಪಾಲು ಹೆಚ್ಚು ಬೆಲೆ ದೊರೆಯುತ್ತಿದ್ದುದನ್ನು ಅವರು ಕಂಡರು. ವ್ಯಾಪಾರಿಗಳು ಪ್ರಯೋಗಾಲಯವಿಲ್ಲದೆ, ಕೈಯಲ್ಲಿ ಮುರಿದು, ಮೂಸಿ ನೋಡಿ ಈ ವ್ಯತ್ಯಾಸವನ್ನು ಗುರುತಿಸುತ್ತಿದ್ದರು. ಬಿಳಿಜೋಳದ ರೈತ ಒಣಕಣಿಕೆಗಾಗಿಯೇ ಎತ್ತರದ ಹಳೆಯ ತಳಿಗಳನ್ನು ಏಕೆ ಬಿಡುವುದಿಲ್ಲ ಎಂಬುದಕ್ಕೆ ಇದು ಉತ್ತರವಾಗಿದೆ. ಆದರೂ ಕಳೆದ ಕೆಲವು ದಶಕಗಳಲ್ಲಿ ಈ ಸೀಮೆಯಲ್ಲಿ ಸೋಯಾಬೀನ್, ಹತ್ತಿ, ಗೋವಿನಜೋಳ, ಕಬ್ಬು ಹೆಚ್ಚಿದಂತೆ ಒಳ್ಳೆಯ ಒಣಮೇವು ಕಡಿಮೆಯಾಗುತ್ತಿದೆ. ಹತ್ತಿಯ ಕಟ್ಟಿಗೆ ಒಲೆಗೆ ಬಂದೀತು, ದನದ ಹೊಟ್ಟೆಗೆ ಬಾರದು.

ಕಲಘಟಗಿ ತಾಲ್ಲೂಕಿನ ಸೂರಶೆಟ್ಟಿಕೊಪ್ಪದಲ್ಲಿ ಬೈಫ್ ಸಂಸ್ಥೆಯ ಕರ್ನಾಟಕ ಶಾಖೆಯು ಕೃಷಿಹೊಂಡ, ಬದುವಿನ ಮರ, ಮೇವು ಮತ್ತು ಹೈನುಗಳನ್ನು ಒಂದೇ ಹೊಲದಲ್ಲಿ ಜೋಡಿಸುವ ಕೆಲಸವನ್ನು ಮಾಡಿತು. ಬದುವಿನ ಮೇಲೆ ಗ್ಲಿರಿಸಿಡಿಯ, ಸುಬಾಬುಲ್ ಬೆಳೆದರೆ ಬೇಸಿಗೆಯಲ್ಲಿ ಮೇವು, ಮಳೆಗಾಲದಲ್ಲಿ ಹಸಿರೆಲೆ ಗೊಬ್ಬರ ದೊರೆಯುತ್ತದೆ ಎಂಬುದು ಇದರ ಸರಳ ತತ್ವ.

ರೋಗಗಳಿಗೆ ಗಡಿಯಿಲ್ಲ

ಜಾನುವಾರು ಕ್ಷೇತ್ರದ ಮೊದಲ ಜಾಗತಿಕ ಸಂಸ್ಥೆ ಹುಟ್ಟಿದ್ದು ರೋಗದ ಭಯದಿಂದ. 1920ರಲ್ಲಿ ಭಾರತದಿಂದ ಬ್ರೆಜಿಲಿಗೆ ಹೊರಟಿದ್ದ ದನಗಳು ಬೆಲ್ಜಿಯಂನ ಆಂಟ್ವರ್ಪ್ ಬಂದರನ್ನು ಹಾದುಹೋದಾಗ ಅಲ್ಲಿ ದೊಡ್ಡರೋಗ, ಎಂದರೆ ರಿಂಡರ್‌ಪೆಸ್ಟ್, ಹರಡಿತು. ಈ ಘಟನೆಯ ಫಲವಾಗಿ 1924ರಲ್ಲಿ 28 ದೇಶಗಳು ಪ್ಯಾರಿಸಿನಲ್ಲಿ ಒಂದು ಕಚೇರಿಯನ್ನು ಸ್ಥಾಪಿಸಿದವು. ಅದೇ ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ.

ದೊಡ್ಡರೋಗದ ನಿರ್ಮೂಲನೆಯು ಅಂತರರಾಷ್ಟ್ರೀಯ ಸಹಕಾರದ ಅತ್ಯುತ್ತಮ ಅಧ್ಯಾಯವೆನ್ನಬಹುದು. ಭಾರತವು 1954ರಲ್ಲಿ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. 1992ರಿಂದ ಯುರೋಪಿನ ಒಕ್ಕೂಟದ ನೆರವಿನಿಂದ ಕೊನೆಯ ಹಂತದ ಯೋಜನೆ ನಡೆಯಿತು. ದೇಶದ ಕೊನೆಯ ಪ್ರಕರಣ ಕಂಡದ್ದು 1995ರಲ್ಲಿ. 2006ರಲ್ಲಿ ಭಾರತವು ರೋಗಮುಕ್ತವೆಂದು ಘೋಷಿತವಾಯಿತು. 2011ರಲ್ಲಿ ಇಡೀ ಜಗತ್ತು ರೋಗಮುಕ್ತವಾಯಿತೆಂದು ಸಾರಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ತೊಡೆದುಹಾಕಲಾದ ಎರಡನೆಯ ರೋಗ ಇದು. ಊರೂರುಗಳ ದನಗಳನ್ನು ಬರಿದು ಮಾಡುತ್ತಿದ್ದ ಬೇನೆಯ ಹೆಸರನ್ನೇ ಇಂದಿನ ಯುವ ರೈತರು ಕೇಳಿಲ್ಲದಿರುವುದು ಆ ಯಶಸ್ಸಿನ ಅಳತೆಗೋಲು.

ಉಳಿದ ರೋಗಗಳ ಕತೆ ಹಾಗಿಲ್ಲ. 2019ರಲ್ಲಿ ಕೇಂದ್ರ ಸರ್ಕಾರವು ಕಾಲುಬಾಯಿ ಬೇನೆ ಮತ್ತು ಬ್ರುಸೆಲ್ಲಾ ರೋಗಗಳ ವಿರುದ್ಧ 13,343 ಕೋಟಿ ರೂಪಾಯಿಗಳ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು. ದನಗಳ ಕಿವಿಗೆ 12 ಅಂಕಿಗಳ ಹಳದಿ ಓಲೆ ಬಂದದ್ದು ಈ ಕಾಲದಲ್ಲಿಯೇ. ಕುರಿ ಮೇಕೆಗಳ ಪಿಪಿಆರ್ ರೋಗವನ್ನು 2030ರೊಳಗೆ ನಿರ್ಮೂಲ ಮಾಡುವ ಜಾಗತಿಕ ಗುರಿಯನ್ನು 2015ರಲ್ಲಿ ಹಾಕಿಕೊಳ್ಳಲಾಗಿದೆ. 1929ರಲ್ಲಿ ಆಫ್ರಿಕದ ಜಾಂಬಿಯದಲ್ಲಿ ಮೊದಲು ಕಂಡ ಚರ್ಮಗಂಟು ರೋಗವು 2019ರಲ್ಲಿ ಒಡಿಶಾವನ್ನು ತಲುಪಿ, 2022ರಲ್ಲಿ ಹಾವೇರಿ, ಧಾರವಾಡ, ಗದಗ, ಬೆಳಗಾವಿ ಜಿಲ್ಲೆಗಳನ್ನೂ ಕಾಡಿತು. ನೇರ ಲಸಿಕೆ ಕೈಯಲ್ಲಿಲ್ಲದ ಕಾರಣ ಮೇಕೆ ಸಿಡುಬಿನ ಲಸಿಕೆಯನ್ನೇ ಹಾಕಬೇಕಾಯಿತು. ಜಾನುವಾರು ಸಂತೆಗಳನ್ನು ನಿಲ್ಲಿಸಲಾಯಿತು. ಸಂತೆ ನಿಂತರೆ ರೋಗವೂ ನಿಂತೀತು, ರೈತನ ಕೈಗೆ ಬರುವ ರೊಕ್ಕವೂ ನಿಲ್ಲುತ್ತದೆ.

ಪ್ರಾಣಿ, ಮನುಷ್ಯ ಮತ್ತು ಪರಿಸರದ ಆರೋಗ್ಯವನ್ನು ಒಂದಾಗಿ ನೋಡುವ ‘ಏಕ ಆರೋಗ್ಯ’ ಪರಿಕಲ್ಪನೆಯ ಪ್ರಾಯೋಗಿಕ ಯೋಜನೆಗೆ 2022ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಕರ್ನಾಟಕ ಮತ್ತು ಉತ್ತರಾಖಂಡ ಅದರ ಕ್ಷೇತ್ರಗಳು. 2023ರಲ್ಲಿ ವಿಶ್ವಬ್ಯಾಂಕ್ 8.2 ಕೋಟಿ ಡಾಲರ್ ಸಾಲವನ್ನು ಅಸ್ಸಾಂ, ಕರ್ನಾಟಕ, ಮಧ್ಯಪ್ರದೇಶ, ಮಹಾರಾಷ್ಟ್ರ ಮತ್ತು ಒಡಿಶಾ ರಾಜ್ಯಗಳ ಪ್ರಾಣಿ ಆರೋಗ್ಯ ವ್ಯವಸ್ಥೆಗಾಗಿ ಮಂಜೂರು ಮಾಡಿತು. 1957ರಲ್ಲಿ ಕ್ಯಾಸನೂರು ಕಾಡಿನ ಕಾಯಿಲೆಯನ್ನು ಕಂಡ ರಾಜ್ಯಕ್ಕೆ ಈ ಪರಿಕಲ್ಪನೆ ಹೊಸದಲ್ಲ. ಆ ಕಾಯಿಲೆಯಲ್ಲಿ ಕಾಡಿನ ಮಂಗ, ಉಣ್ಣೆ, ಮೇಯುವ ದನ ಮತ್ತು ಮನುಷ್ಯ ಒಂದೇ ಸರಪಳಿಯ ಕೊಂಡಿಗಳು. ಪ್ರಯೋಗಾಲಯಗಳಿಗೆ ಹಣ ಬಂದರೂ ಹಳ್ಳಿಯ ಪಶು ಚಿಕಿತ್ಸಾಲಯದಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದರೆ ಸರಪಳಿ ಅಲ್ಲಿಯೇ ತುಂಡಾಗುತ್ತದೆ. ಸಾಲದ ಕರಾರಿನಲ್ಲಿ ಇಂತಹ ಹುದ್ದೆಗಳಿಗಿಂತ ಉಪಕರಣಗಳಿಗೆ ಮೊದಲ ಸ್ಥಾನ ಸಿಗುವುದು ಅಭಿವೃದ್ಧಿ ಯೋಜನೆಗಳ ಹಳೆಯ ದೋಷ.

ಹವಾಮಾನ ಮತ್ತು ಮೀಥೇನ್ ವಿವಾದ

2006ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 18 ಜಾನುವಾರುಗಳಿಂದ ಬರುತ್ತದೆ ಎಂದು ಅಂದಾಜಿಸಿತು. 2013ರ ವರದಿಯಲ್ಲಿ ಅದು ಶೇ. 14.5 ಆಯಿತು, 2023ರ ವರದಿಯಲ್ಲಿ ಸುಮಾರು ಶೇ. 12 ಆಯಿತು. ಎಣಿಕೆಯ ವಿಧಾನ ಮತ್ತು ಆಧಾರ ವರ್ಷ ಬದಲಾದುದರಿಂದ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೊರಸೂಸುವಿಕೆ ಇಳಿಯಿತೆಂದು ಹೇಳಲಾಗದು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವ ಸ್ಥಳ ಇದು. ಮೆಲುಕು ಹಾಕುವ ಪ್ರಾಣಿಗಳ ಜಠರದಲ್ಲಿ ಹುಟ್ಟುವ ಮೀಥೇನ್ ಈ ಲೆಕ್ಕದ ಬಹುದೊಡ್ಡ ಅಂಶ.

2021ರ ಗ್ಲಾಸ್ಗೋ ಹವಾಮಾನ ಸಮಾವೇಶದಲ್ಲಿ ಮೀಥೇನನ್ನು 2020ರ ಮಟ್ಟಕ್ಕಿಂತ 2030ರೊಳಗೆ ಶೇ. 30ರಷ್ಟು ತಗ್ಗಿಸುವ ಜಾಗತಿಕ ಪ್ರತಿಜ್ಞೆ ಆರಂಭವಾಯಿತು. ಭಾರತವು ಅದಕ್ಕೆ ಸೇರಲಿಲ್ಲ. ಭತ್ತ ಬೆಳೆಯುವ, ದನ ಸಾಕುವ ಸಣ್ಣ ರೈತನ ಮೀಥೇನ್ ಬದುಕಿನ ಅಗತ್ಯದ್ದು, ಭೋಗದ್ದಲ್ಲ ಎಂಬುದು ಈ ನಿಲುವಿನ ತಿರುಳು. ಇದರಲ್ಲಿ ನ್ಯಾಯವಿದೆ. ಹಾಗೆಂದು ಪ್ರಶ್ನೆ ಇಲ್ಲಿಗೆ ಮುಗಿಯುವುದಿಲ್ಲ. ಕಡಿಮೆ ಹಾಲು ಕೊಡುವ ಪ್ರಾಣಿಯ ಒಂದು ಲೀಟರ್ ಹಾಲಿನ ಮೇಲೆ ಬೀಳುವ ಮೀಥೇನ್ ಹೆಚ್ಚು. ಆದುದರಿಂದ ಹೆಚ್ಚು ಹಾಲಿನ ಕೆಲವೇ ಪ್ರಾಣಿಗಳನ್ನು ಸಾಕಬೇಕೆಂಬುದು ಪಶ್ಚಿಮದ ತಜ್ಞರ ಸಲಹೆ. ಈ ಎಣಿಕೆಯಲ್ಲಿ ಹಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. ಧಾರವಾಡಿ ಎಮ್ಮೆ ಹೊಲಕ್ಕೆ ಕೊಡುವ ತಿಪ್ಪೆಗೊಬ್ಬರ, ಒಲೆಗೆ ಕೊಡುವ ಕುಳ್ಳು, ಮನುಷ್ಯ ತಿನ್ನಲಾರದ ಕಣಿಕೆಯನ್ನು ಆಹಾರವಾಗಿ ಮಾರ್ಪಡಿಸುವ ಶಕ್ತಿ ಮತ್ತು ಬರಗಾಲದಲ್ಲಿ ಮಾರಿ ಬದುಕಬಹುದಾದ ಆಸ್ತಿಯಾಗಿ ಅದರ ಬೆಲೆ ಯಾವ ಕಂಬಸಾಲಿನಲ್ಲಿಯೂ ಕಾಣುವುದಿಲ್ಲ.

ಎರಡೂ ವಾದಗಳ ನಡುವೆ ಕೆಲಸ ಮಾಡುವ ದಾರಿಯೊಂದು ಬೆಂಗಳೂರಿನಿಂದ ಬಂದಿದೆ. ಅಲ್ಲಿಯ ರಾಷ್ಟ್ರೀಯ ಪ್ರಾಣಿ ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಟ್ಯಾನಿನ್ ಇರುವ ಸಸ್ಯಗಳಿಂದ ‘ಹರಿತ ಧಾರಾ’ ಎಂಬ ಪೂರಕ ಆಹಾರವನ್ನು ಸಿದ್ಧಪಡಿಸಿದೆ. ಅದು ಮೀಥೇನನ್ನು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆ ಎಂದು ಸಂಸ್ಥೆ ತಿಳಿಸಿದೆ. ಮೀಥೇನಾಗಿ ಹೊರಹೋಗುವುದು ಪ್ರಾಣಿ ತಿಂದ ಮೇವಿನ ಶಕ್ತಿಯೇ ಆದುದರಿಂದ ಅದನ್ನು ಉಳಿಸುವುದು ರೈತನಿಗೂ ಲಾಭ. ದಿನವೂ ಹಿಂಡಿಗೆ ಬೆರೆಸುವ ಪುಡಿಯ ಬೆಲೆಯನ್ನು ಯಾರು ಕೊಡಬೇಕೆಂಬುದು ಮಾತ್ರ ಇತ್ಯರ್ಥವಾಗಿಲ್ಲ. ವಾತಾವರಣದ ಲಾಭ ಇಡೀ ಜಗತ್ತಿನದಾದರೆ ಖರ್ಚನ್ನು ಎರಡು ಎಮ್ಮೆಯ ಮನೆಯೊಂದೇ ಹೊರುವುದು ಸರಿಯಲ್ಲ. ಅಂತರರಾಷ್ಟ್ರೀಯ ಹವಾಮಾನ ನಿಧಿಗಳ ನಿಜವಾದ ಕೆಲಸ ಇಂತಹ ಕಡೆ ಇದೆ.

ವ್ಯಾಪಾರ ಒಪ್ಪಂದಗಳು

ಸಹಕಾರ ಮತ್ತು ಸ್ಪರ್ಧೆ ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತಿರುತ್ತವೆ. 2019ರ ನವೆಂಬರ್ 4ರಂದು ಭಾರತವು ಪ್ರಾದೇಶಿಕ ಸಮಗ್ರ ಆರ್ಥಿಕ ಪಾಲುದಾರಿಕೆ ಒಪ್ಪಂದದಿಂದ ಹಿಂದೆ ಸರಿಯಿತು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ಅಗ್ಗದ ಹಾಲಿನ ಪುಡಿ ಬರುವುದೆಂಬ ಹೈನುಗಾರರ ಭಯ ಈ ನಿರ್ಧಾರದ ಮುಖ್ಯ ಕಾರಣಗಳಲ್ಲಿ ಒಂದು. ಕರ್ನಾಟಕದ ರೈತ ಸಂಘಟನೆಗಳು ಮತ್ತು ಹಾಲು ಒಕ್ಕೂಟಗಳು ಒಪ್ಪಂದವನ್ನು ಬಲವಾಗಿ ವಿರೋಧಿಸಿದ್ದವು. 2022ರ ಆಸ್ಟ್ರೇಲಿಯ ಒಪ್ಪಂದದಲ್ಲಿಯೂ 2025ರ ಜುಲೈನಲ್ಲಿ ಸಹಿಯಾದ ಬ್ರಿಟನ್ ಒಪ್ಪಂದದಲ್ಲಿಯೂ ಹೈನು ಪದಾರ್ಥಗಳನ್ನು ಸುಂಕ ರಿಯಾಯಿತಿಯ ಹೊರಗಿಡಲಾಯಿತು. ಅಮೆರಿಕದೊಡನೆ ಇರುವ ಭಿನ್ನಾಭಿಪ್ರಾಯಕ್ಕೆ ಸುಂಕದ ಜೊತೆಗೆ ಇನ್ನೊಂದು ಕಾರಣವಿದೆ: ದನಗಳಿಗೆ ರಕ್ತ, ಮಾಂಸದ ಅಂಶವಿರುವ ಆಹಾರವನ್ನು ತಿನ್ನಿಸಿಲ್ಲವೆಂಬ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆ.

ಸುಂಕದ ಗೋಡೆ ಸಣ್ಣ ರೈತನನ್ನು ಕಾಯುತ್ತದೆ, ನಿಜ. ಆದರೆ ಗೋಡೆಯೊಳಗೆ ಅವನ ಖರ್ಚು ಇಳಿಯುವುದಿಲ್ಲ. ಹಿಂಡಿ, ಬೂಸಾ, ಔಷಧದ ಬೆಲೆ ಏರಿದಂತೆ ಹಾಲಿನ ದರ ಏರದಿದ್ದಾಗ ರೈತನನ್ನು ಸೋಲಿಸಲು ವಿದೇಶಿ ಪುಡಿ ಬರಬೇಕಾಗಿಲ್ಲ.

ದೇಶದೊಳಗಿನ ಕಾನೂನೂ ಈ ಲೆಕ್ಕಕ್ಕೆ ಸೇರುತ್ತದೆ. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ದನಗಳ ಹತ್ಯೆಯನ್ನು ನಿಷೇಧಿಸಿದೆ. 13 ವರ್ಷ ಮೀರಿದ ಎಮ್ಮೆಗೆ ಮಾತ್ರ ವಿನಾಯಿತಿ ಇದೆ. ಉತ್ಪಾದನೆ ನಿಂತ ಪ್ರಾಣಿಯನ್ನು ಸಾಕುವ ಖರ್ಚು ಯಾರದೆಂಬ ಪ್ರಶ್ನೆ ಈ ಕಾಯ್ದೆಯ ಬಗೆಗಿನ ಚರ್ಚೆಯ ಕೇಂದ್ರದಲ್ಲಿದೆ. ರೈತರು ಹೆಣ್ಣುಕರುವನ್ನೇ ಹುಟ್ಟಿಸುವ ಲಿಂಗ ನಿರ್ಧಾರಿತ ವೀರ್ಯದ ಕಡೆ, ಹಸುವಿನಿಂದ ಎಮ್ಮೆಯ ಕಡೆ ತಿರುಗುವುದಕ್ಕೂ ಇದೊಂದು ಕಾರಣವೆಂದು ಗಮನಿಸಲಾಗುತ್ತದೆ.

ನಗರದಂಚು ಮತ್ತು ಮೇವುಗಾಡು

ಮೇಲಿನ ನೀತಿಗಳಾವುವೂ ಒಂದು ಸರಳ ಸಂಗತಿಯನ್ನು ಮುಟ್ಟುವುದಿಲ್ಲ: ಪ್ರಾಣಿ ನಿಲ್ಲಲು ನೆಲ ಬೇಕು. ಕೆಲಗೇರಿ ಒಂದು ಕಾಲಕ್ಕೆ ಧಾರವಾಡದ ಹೊರಗಿನ ಹಳ್ಳಿ. ಈಗ ನಗರದ ಭಾಗ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನೊಡನೆ ಗುರುತಿಸಲಾಗುವ ಇಲ್ಲಿಯ ಕೆರೆಯನ್ನು ಊರಿಗೆ ಕುಡಿಯುವ ನೀರಿಗಾಗಿ ಕಟ್ಟಲಾಗಿತ್ತು. ಬಡಾವಣೆಗಳು ಬೆಳೆದಂತೆ ಕೊಳಚೆ ನೀರು ಮತ್ತು ಜಲಕಳೆಯ ದೂರುಗಳು ಈ ಕೆರೆಯ ಬಗ್ಗೆ ಪದೇ ಪದೇ ಕೇಳಿಬಂದಿವೆ. ಎಮ್ಮೆಯ ಚರ್ಮದಲ್ಲಿ ಬೆವರಿನ ಗ್ರಂಥಿಗಳು ಕಡಿಮೆ. ಬೇಸಿಗೆಯಲ್ಲಿ ನೀರಿಗಿಳಿಯದಿದ್ದರೆ ಅದರ ಹಾಲು ಇಳಿಯುತ್ತದೆ, ಬೆದೆಗೆ ಬರುವುದೂ ತಡವಾಗುತ್ತದೆ. ಕೆರೆ, ಹೊಂಡ, ಗೋಮಾಳಗಳು ನಗರದಂಚಿನಲ್ಲಿ ಕರಗುತ್ತ ಹೋದಂತೆ ಎಮ್ಮೆ ಸಾಕುವವನು ಒಂದೋ ಎಲ್ಲ ಮೇವನ್ನೂ ಕೊಂಡು ತರಬೇಕು, ಇಲ್ಲವೇ ಪ್ರಾಣಿಗಳನ್ನು ಮಾರಬೇಕು. ತಳಿಯನ್ನು ಉಳಿಸುವ ಯೋಜನೆ ಒಂದು ಇಲಾಖೆಯದು, ಗೋಮಾಳ ಇನ್ನೊಂದರದು, ಕೆರೆ ಮತ್ತೊಂದರದು.

ಕಲಘಟಗಿ, ಹಳಿಯಾಳ, ಯಲ್ಲಾಪುರಗಳ ಕಾಡಂಚಿನಲ್ಲಿರುವ ಧನಗರ ಗೌಳಿಗರದು ಇದೇ ಸಂಕಟದ ಇನ್ನೊಂದು ಮುಖ. ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಎಮ್ಮೆ ಮೇಯಿಸಿ ಬೆಣ್ಣೆ ಮಾರುತ್ತಿದ್ದ ಸಮುದಾಯಕ್ಕೆ ಅರಣ್ಯ ನಿಯಮಗಳು ಬಿಗಿಯಾದಂತೆ ಮೇಯಿಸುವ ಜಾಗ ಕಿರಿದಾಗಿದೆ. ಬೆಳಗಾವಿ, ಧಾರವಾಡ ಜಿಲ್ಲೆಗಳ ಕುರುಬರು ದಖನಿ ಕುರಿಗಳೊಡನೆ ಮಳೆಯ ಜಾಡು ಹಿಡಿದು ವಲಸೆ ಹೋಗುತ್ತಾರೆ. ಸುಗ್ಗಿಯಾದ ಹೊಲದಲ್ಲಿ ಕುರಿ ತರುಬಿಸಿದರೆ ಹೊಲದವರು ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ಇನ್ನೂ ಉಳಿದಿದೆ. ರಾಸಾಯನಿಕ ಗೊಬ್ಬರಕ್ಕೆ ಬದಲಿ ಹುಡುಕುವ ವರದಿಗಳು ಈ ಪದ್ಧತಿಯನ್ನು ಈಗ ಹೊಸ ಹೆಸರಿನಿಂದ ಹೊಗಳುತ್ತಿವೆ.

ವಿಶ್ವಸಂಸ್ಥೆಯ ಮಹಾಸಭೆಯು ಮಂಗೋಲಿಯ ಮುಂದಿಟ್ಟ ಪ್ರಸ್ತಾವದಂತೆ 2022ರಲ್ಲಿ ತೀರ್ಮಾನ ಕೈಗೊಂಡು 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಘೋಷಿಸಿತು. 2023ರ ಸೆಪ್ಟೆಂಬರ್‌ನಲ್ಲಿ ರೋಮ್‌ನಲ್ಲಿ ನಡೆದ ಸುಸ್ಥಿರ ಜಾನುವಾರು ಪರಿವರ್ತನೆಯ ಜಾಗತಿಕ ಸಮ್ಮೇಳನವು ಉತ್ಪಾದನೆ, ಪೋಷಣೆ, ಪರಿಸರ ಮತ್ತು ಬದುಕು ಎಂಬ ನಾಲ್ಕು ನೆಲೆಗಳಲ್ಲಿ ಚರ್ಚೆ ನಡೆಸಿತು. ಕಂದಾಯ ದಾಖಲೆಗಳಲ್ಲಿ ‘ಬೀಳು’ ಅಥವಾ ‘ಪಡ’ ಎಂದು ಬರೆದ ಹುಲ್ಲುಗಾವಲನ್ನು ಉಪಯೋಗವಿಲ್ಲದ ನೆಲವೆಂದು ಎಣಿಸುವ ರೂಢಿ ಕರ್ನಾಟಕದಲ್ಲಿ ವಸಾಹತು ಕಾಲದಿಂದ ಬಂದಿದೆ. ಕೈಗಾರಿಕೆ, ಬಡಾವಣೆ, ಸೌರ ವಿದ್ಯುತ್ ಸ್ಥಾವರ, ನೆಡುತೋಪು ಯಾವುದಕ್ಕೆ ಭೂಮಿ ಬೇಕಾದರೂ ಮೊದಲು ಹೋಗುವುದು ಇದೇ ನೆಲ. ಈ ದಾಖಲೆಯ ಪದವನ್ನು ತಿದ್ದಲು ಯಾವ ವಿದೇಶಿ ಸಾಲವೂ ಬೇಕಾಗಿಲ್ಲ. ಅದು ರಾಜ್ಯದ ಕಂದಾಯ ಇಲಾಖೆಯ ಅಧಿಕಾರದಲ್ಲಿಯೇ ಇದೆ.